ಚಿಕ್ಕೋಡಿ ಭಾಗದ ಕೌದಿ ಹೊಲಿಗೆ

ಕೌದಿಯು ಹಳೆಯ ಬಟ್ಟೆಗಳನ್ನು ಪದರಪದರವಾಗಿ ಹಾಸಿ, ಕೈಹೊಲಿಗೆಯಿಂದ ಒಂದಾಗಿಸಿ ತಯಾರಿಸುವ ಹಾಸಿಗೆ ಅಥವಾ ಹೊದಿಕೆಯಾಗಿದೆ. ಇದು ಉತ್ತರ ಕರ್ನಾಟಕದಾದ್ಯಂತ ಬಳಕೆಯಲ್ಲಿದೆ. ಬೆಳಗಾವಿ ಜಿಲ್ಲೆಯ ಉತ್ತರ ಭಾಗದಲ್ಲಿರುವ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲೂಕುಗಳಲ್ಲಿ ಕೌದಿ ಹೊಲಿಯುವುದು ಮುಖ್ಯವಾಗಿ ಮಹಿಳೆಯರ ಮನೆಗೆಲಸವಾಗಿ ಉಳಿದುಬಂದಿದೆ. ಅಕ್ಕಪಕ್ಕದ ಮನೆಯವರು ಕೂಡಿ ಕುಳಿತು ಹೊಲಿಯುವ ಪದ್ಧತಿಯೇ ಈ ಕಸುಬಿಗೆ ಆಧಾರ. ನೇಕಾರರಿಗೆ ಇರುವಂತಹ ಸಹಕಾರ ಸಂಘವಾಗಲಿ, ಪಾಶ್ಚಾತ್ಯ ದೇಶಗಳ ಕ್ವಿಲ್ಟ್ ಹೊಲಿಯುವವರಿಗೆ ಇರುವಂತಹ ಸದಸ್ಯತ್ವದ ಕೂಟವಾಗಲಿ ಇದರ ಹಿಂದೆ ಇಲ್ಲ. ಆದರೂ ಕೂಟದ ಒಳಗೆ ಯಾರು ಯಾರಿಗೆ ಎಷ್ಟು ಕೆಲಸ ಸಲ್ಲಿಸಬೇಕೆಂಬ ಕಟ್ಟುಪಾಡು ಉಂಟು.

ಹೆಸರು ಮತ್ತು ಪ್ರದೇಶ

ಕೌದಿಯನ್ನು ಕವದಿ, ಕವುದಿ ಎಂದೂ ಉಚ್ಚರಿಸಲಾಗುತ್ತದೆ. ಈ ಭಾಗದ ಮರಾಠಿ ಮಾತನಾಡುವ ಮನೆಗಳಲ್ಲಿ ಇದೇ ವಸ್ತುವಿಗೆ ಗೋಧಡಿ ಅಥವಾ ವಾಕಳ ಎಂಬ ಹೆಸರಿದೆ. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಈ ಪ್ರದೇಶವು ಮುಂಬಯಿ ರಾಜ್ಯದ ಭಾಗವಾಗಿತ್ತು. ಇಂದಿಗೂ ಎರಡೂ ಭಾಷೆಗಳು ಇಲ್ಲಿ ಬಳಕೆಯಲ್ಲಿದ್ದು, ಒಂದೇ ಓಣಿಯಲ್ಲಿ ಒಂದೇ ಹೊದಿಕೆಗೆ ಎರಡು ಹೆಸರು ಕೇಳಿಬರುವುದುಂಟು. ನಿಪ್ಪಾಣಿಯು ಹಿಂದೆ ಚಿಕ್ಕೋಡಿ ತಾಲೂಕಿಗೂ ಕಾಗವಾಡವು ಅಥಣಿ ತಾಲೂಕಿಗೂ ಸೇರಿದ್ದವು. ಎರಡೂ ಇತ್ತೀಚಿನ ವರ್ಷಗಳಲ್ಲಿ ಪ್ರತ್ಯೇಕ ತಾಲೂಕುಗಳಾಗಿವೆ.

ಕೌದಿಯನ್ನು ಕಂಬಳಿಯೊಂದಿಗೆ ಗೊಂದಲಿಸಿಕೊಳ್ಳಬಾರದು. ಕಂಬಳಿಯು ಕುರಿಯ ಉಣ್ಣೆಯಿಂದ ಮಗ್ಗದ ಮೇಲೆ ನೇಯ್ದದ್ದು, ಹಣ ಕೊಟ್ಟು ಕೊಳ್ಳುವಂಥದ್ದು. ಕೌದಿಗೆ ಮಗ್ಗ ಬೇಡ; ಅದಕ್ಕೆ ಬೇಕಾದ ಬಟ್ಟೆ ಮನೆಯಲ್ಲಿಯೇ ಇರುತ್ತದೆ.

ಬಟ್ಟೆ

ಉಟ್ಟು ಮೆತ್ತಗಾದ ಹತ್ತಿ ಸೀರೆ ಮತ್ತು ಧೋತರಗಳು ಕೌದಿಯ ಮುಖ್ಯ ಸಾಮಗ್ರಿ. ಇವುಗಳೊಂದಿಗೆ ಅಂಗಿ, ರುಮಾಲು, ಲಂಗ, ಕುಪ್ಪಸದ ಖಣ, ಹಳೆಯ ಚಾದರ ಮೊದಲಾದವೂ ಸೇರುತ್ತವೆ. ಹೊಸ ಬಟ್ಟೆ ಬಿರುಸಾಗಿರುವುದರಿಂದ ಸೂಜಿ ಸುಲಭವಾಗಿ ಇಳಿಯುವುದಿಲ್ಲ, ಮೈಗೂ ಹಿತವೆನಿಸುವುದಿಲ್ಲ. ಹಲವು ಬಾರಿ ಒಗೆದು ನೂಲು ಸಡಿಲಗೊಂಡ ಸೀರೆಯು ಬೆವರನ್ನು ಹೀರಿಕೊಳ್ಳುತ್ತದೆ ಮತ್ತು ಪದರಗಳ ನಡುವೆ ಗಾಳಿಯನ್ನು ಹಿಡಿದಿಟ್ಟು ಬೆಚ್ಚಗಿಡುತ್ತದೆ. ಆದ್ದರಿಂದ ಹಳೆಯ ಬಟ್ಟೆಯ ಬಳಕೆಗೆ ಬಡತನವೊಂದನ್ನೇ ಕಾರಣವಾಗಿ ಹೇಳುವುದು ಸರಿಯಲ್ಲ.

ಸೀರೆಯ ದಡಿಯು ಉಳಿದ ಭಾಗಕ್ಕಿಂತ ಗಟ್ಟಿಯಾಗಿರುವುದರಿಂದ ಅದನ್ನು ಬೇರ್ಪಡಿಸಿ ಕೌದಿಯ ನಾಲ್ಕೂ ಅಂಚಿಗೆ ಮಡಚಿ ಹೊಲಿಯುತ್ತಾರೆ. ಸೂಜಿ ಇಳಿಯದ ಗುಂಡಿ, ಕಾಲರು, ದಪ್ಪ ಮಡಿಕೆಗಳನ್ನು ಮೊದಲೇ ಕತ್ತರಿಸಿ ತೆಗೆಯಲಾಗುತ್ತದೆ. ಮೇಲಿನ ಹಾಸಿಗೆ ಬಣ್ಣ ಮಾಸದ ಸೀರೆಯನ್ನು, ಒಳಪದರಗಳಿಗೆ ಹರಿದ ತುಂಡುಗಳನ್ನು ಬಳಸುವುದು ರೂಢಿ. ತೊಟ್ಟಿಲ ಕೂಸಿಗೆ ಹೊಲಿಯುವ ಚಿಕ್ಕ ಕೌದಿಗೆ ಅಜ್ಜಿ ಉಟ್ಟ ಸೀರೆಯನ್ನು ಆರಿಸಿಕೊಳ್ಳುವುದುಂಟು. ಅದು ಎಲ್ಲಕ್ಕಿಂತ ಮೆದುವಾಗಿರುತ್ತದೆ.

ಹೊಲಿಯುವ ಕ್ರಮ

ಒಗೆದು ಒಣಗಿಸಿದ ಅಡಿಬಟ್ಟೆಯನ್ನು ಪಡಸಾಲೆ, ಅಂಗಳ ಅಥವಾ ಮಾಳಿಗೆಯ ಮೇಲೆ ಸುಕ್ಕಿಲ್ಲದಂತೆ ಎಳೆದು ಹಾಸಿ, ಮೂಲೆಗಳಿಗೆ ಕಲ್ಲು ಹೇರುತ್ತಾರೆ. ಅದರ ಮೇಲೆ ತುಂಡುಗಳನ್ನು ಒಂದರ ಅಂಚು ಇನ್ನೊಂದರ ಮೇಲೆ ಬರುವಂತೆ ಜೋಡಿಸಲಾಗುತ್ತದೆ. ಎಲ್ಲಿಯೂ ತೆಳುವಾಗದಂತೆ, ಎಲ್ಲಿಯೂ ಗಂಟಾಗದಂತೆ ಪದರಗಳನ್ನು ಸಮಗೊಳಿಸುವುದು ಈ ಹಂತದ ಕೌಶಲ್ಯ. ಕೊನೆಗೆ ಮೇಲುಹಾಸನ್ನು ಹೊದಿಸಿ, ದೂರದೂರಕ್ಕೆ ಕಚ್ಚಾ ಹೊಲಿಗೆ ಹಾಕಿ ಪದರಗಳು ಸರಿಯದಂತೆ ಹಿಡಿಯಲಾಗುತ್ತದೆ.

ನಂತರ ದಪ್ಪ ಸೂಜಿ ಮತ್ತು ಹುರಿ ಮಾಡಿದ ಹತ್ತಿದಾರದಿಂದ ಸಾಲುಹೊಲಿಗೆ ಆರಂಭವಾಗುತ್ತದೆ. ಸಾಮಾನ್ಯವಾಗಿ ಅಂಚಿನಿಂದ ಹೊರಟು, ಚೌಕದೊಳಗೆ ಚೌಕ ಮೂಡುವಂತೆ ನಡುವಿನತ್ತ ಸಾಗುತ್ತಾರೆ. ಈ ಕ್ರಮದಲ್ಲಿ ನಾಲ್ಕು ಬದಿಗೆ ನಾಲ್ವರು ಏಕಕಾಲಕ್ಕೆ ಕುಳಿತುಕೊಳ್ಳಬಹುದು. ಒಬ್ಬಳೇ ಹೊಲಿಯುವಾಗ ಉದ್ದಕ್ಕೂ ಸಮಾನಾಂತರ ಸಾಲುಗಳನ್ನು ಹಾಕುವುದೂ ಇದೆ. ಹೊಲಿಗೆ ಒತ್ತಾದಷ್ಟೂ ಕೌದಿ ಹೆಚ್ಚು ಕಾಲ ಬಾಳುತ್ತದೆ, ಆದರೆ ಬಿರುಸಾಗುತ್ತದೆ. ಹಾಸಲು ಒತ್ತು ಹೊಲಿಗೆಯೂ ಹೊದೆಯಲು ವಿರಳ ಹೊಲಿಗೆಯೂ ಸೂಕ್ತ.

ಕೌದಿ ಹರಿದಾಗ ಅದರ ಮೇಲೆಯೇ ಮತ್ತೊಂದು ಪದರವನ್ನು ಹೊಲಿಯಲಾಗುತ್ತದೆ. ಹೀಗೆ ಹಳೆಯ ಕೌದಿಯು ಹೊಸ ಕೌದಿಯ ಒಳಹಾಸಾಗಿ ಉಳಿಯುತ್ತದೆ.

ಕೂಡಿ ಹೊಲಿಯುವ ಪದ್ಧತಿ

ಕೌದಿಯ ಕೂಟಕ್ಕೆ ನಿಗದಿತ ದಿನವಿಲ್ಲ. ಸುಗ್ಗಿಯ ಕೆಲಸ ಮುಗಿದು ಮಳೆ ಆರಂಭವಾಗುವ ಮುನ್ನ, ಮಧ್ಯಾಹ್ನದ ಅಡುಗೆ ಮುಗಿದು ಸಂಜೆಯ ಕೆಲಸ ತೊಡಗುವ ಮುನ್ನ ದೊರೆಯುವ ಬಿಡುವೇ ಅದರ ವೇಳೆ. ಯಾರ ಮನೆಯ ಕೌದಿಯೋ ಅವರ ಮನೆಯಲ್ಲಿ ಕೂಟ ಸೇರುತ್ತದೆ. ಚಹಾ, ಚುರಮುರಿ ಅವರದೇ. ಬಂದವರಿಗೆ ಕೂಲಿ ಕೊಡುವುದಿಲ್ಲ. ಬದಲಾಗಿ ಮುಂದೆ ಅವರ ಮನೆಯ ಕೌದಿಗೆ ಇವರು ಹೋಗಿ ಹೊಲಿಯಬೇಕು. ಹೊಲದ ಕೆಲಸದಲ್ಲಿ ಮುಯ್ಯಾಳು ಎಂದು ಕರೆಯುವ ಶ್ರಮ ವಿನಿಮಯವೇ ಇಲ್ಲಿಯೂ ನಡೆಯುತ್ತದೆ. ಈ ಲೆಕ್ಕವನ್ನು ಎಲ್ಲಿಯೂ ಬರೆದಿಡದಿದ್ದರೂ ಯಾರೂ ಮರೆಯುವುದಿಲ್ಲ.

ಪದರ ಹಾಸುವ ಕೆಲಸವನ್ನು ಅನುಭವಿ ಹಿರಿಯಳಿಗೆ ಬಿಡುವುದು ವಾಡಿಕೆ, ಏಕೆಂದರೆ ಅಲ್ಲಿ ಆದ ತಪ್ಪನ್ನು ಹೊಲಿಗೆಯಿಂದ ಮುಚ್ಚಲಾಗದು. ಹೊಸದಾಗಿ ಕಲಿಯುವ ಹುಡುಗಿಯರಿಗೆ ಸೂಜಿಗೆ ದಾರ ಪೋಣಿಸುವುದು, ಕಚ್ಚಾ ಹೊಲಿಗೆ ಹಾಕುವುದು ಮೊದಲ ಪಾಠ. ಹೊಲಿಯುತ್ತ ಹಾಡುವುದೂ ಊರಿನ ಸುದ್ದಿ ಮಾತನಾಡುವುದೂ ಇದ್ದೇ ಇರುತ್ತದೆ. ಸೊಸೆಯಾಗಿ ಬೇರೆ ಊರಿನಿಂದ ಬಂದವಳಿಗೆ ಓಣಿಯ ಪರಿಚಯವಾಗುವ ಜಾಗಗಳಲ್ಲಿ ಇದೂ ಒಂದು.

ನಿಪ್ಪಾಣಿಯಲ್ಲಿ ಈ ಬಿಡುವಿನ ವೇಳೆಗೆ ಪ್ರತಿಸ್ಪರ್ಧೆಯಿದೆ. ತಂಬಾಕಿನ ವ್ಯಾಪಾರ ಮತ್ತು ಬೀಡಿ ಉದ್ಯಮಕ್ಕೆ ಹೆಸರಾದ ಈ ಪಟ್ಟಣದಲ್ಲಿ ಅನೇಕ ಮಹಿಳೆಯರು ಮನೆಯಲ್ಲಿಯೇ ಬೀಡಿ ಕಟ್ಟುತ್ತಾರೆ. ಬೀಡಿಗೆ ಸಾವಿರಕ್ಕೆ ಇಷ್ಟೆಂದು ಮಜೂರಿ ದೊರೆಯುತ್ತದೆ; ಸ್ವಂತ ಮನೆಯ ಕೌದಿಗೆ ಏನೂ ದೊರೆಯುವುದಿಲ್ಲ. ಕಬ್ಬು ಬೆಳೆಯುವ ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳಲ್ಲಿ ಹೊಲದ ಕೂಲಿಯ ವಿಷಯದಲ್ಲಿಯೂ ಇದೇ ಮಾತು ಅನ್ವಯಿಸುತ್ತದೆ. ಕೂಟಗಳು ಕಿರಿದಾಗುತ್ತಿರುವುದಕ್ಕೆ ಆಸಕ್ತಿ ಕುಂದಿರುವುದಕ್ಕಿಂತ ಈ ಲೆಕ್ಕಾಚಾರವೇ ದೊಡ್ಡ ಕಾರಣವೆನ್ನಬಹುದು.

ವೃತ್ತಿಯಾಗಿ ಕೌದಿ

ಮನೆಯವರಿಗೆ ಸಮಯವಿಲ್ಲದಾಗ ಕೂಲಿಗೆ ಹೊಲಿದು ಕೊಡುವವರೂ ಇದ್ದಾರೆ. ಉತ್ತರ ಕರ್ನಾಟಕದಲ್ಲಿ ಗೊಂದಲಿಗ ಸಮುದಾಯದ ಮಹಿಳೆಯರು ಈ ಕೆಲಸಕ್ಕೆ ಹೆಸರಾದವರು. ಈ ಸಮುದಾಯದ ಪುರುಷರು ಅಂಬಾಭವಾನಿಯ ಆರಾಧನೆಯ ಅಂಗವಾದ ಗೊಂದಲ ಹಾಕುವ ಕಲಾವಿದರು. ಹಳೆಯ ಬಟ್ಟೆ ಪಡೆದು ಪಾತ್ರೆ ಕೊಡುವ ವ್ಯಾಪಾರವೂ ಸಮುದಾಯದಲ್ಲಿದೆ. ಮನೆಯವರು ಬಟ್ಟೆ ಒದಗಿಸಿದರೆ ಇವರು ಅಳತೆ ಮತ್ತು ಹೊಲಿಗೆಯ ಒತ್ತನ್ನು ನೋಡಿ ಕೂಲಿ ಮಾತನಾಡುತ್ತಾರೆ. ಮುಯ್ಯಿಯ ಕೂಟದಲ್ಲಿ ಚೌಕಾಸಿ ಇರುವುದಿಲ್ಲ, ಇಲ್ಲಿ ಇರುತ್ತದೆ.

ಮಹಾನವಮಿಯ ಒಗೆತ

ಕೌದಿಗೆ ಸಂಬಂಧಿಸಿದ ಇನ್ನೊಂದು ಸಾಮೂಹಿಕ ಕೆಲಸವೆಂದರೆ ಒಗೆತ. ನವರಾತ್ರಿಯ ಘಟಸ್ಥಾಪನೆಗೆ ಮುನ್ನ ಮನೆಯನ್ನು ಸಾರಿಸಿ, ಹಾಸಿಗೆ ಹೊದಿಕೆಗಳನ್ನೆಲ್ಲ ಒಗೆಯುವ ಪದ್ಧತಿ ಈ ಭಾಗದಲ್ಲಿದೆ. ನೀರು ಕುಡಿದ ಕೌದಿಯನ್ನು ಒಬ್ಬರಿಂದ ಎತ್ತಲಾಗದು. ಆದ್ದರಿಂದ ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳ ದಂಡೆಗೆ ಅಥವಾ ಹತ್ತಿರದ ಹಳ್ಳಕ್ಕೆ ಹಲವು ಮನೆಯವರು ಒಟ್ಟಾಗಿ ಹೋಗುತ್ತಾರೆ. ಇಬ್ಬರು ಎರಡು ತುದಿ ಹಿಡಿದು ಹಿಂಡುತ್ತಾರೆ. ಬಂಡೆ, ಬೇಲಿಗಳ ಮೇಲೆ ಹರವುತ್ತಾರೆ. ಈ ಕೆಲಸಕ್ಕೆ ಗಂಡಸರೂ ಕೈಜೋಡಿಸುವುದುಂಟು. ಯಾವ ಮನೆಯ ಕೌದಿ ಎಷ್ಟು ಚೆಂದ ಎಂಬುದು ಊರಿಗೆಲ್ಲ ತಿಳಿಯುವುದು ಆ ದಿನವೇ.

ನೆರೆಯ ಸಂಪ್ರದಾಯಗಳು

ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಮುಂಡಗೋಡ ತಾಲೂಕುಗಳಲ್ಲಿ ನೆಲೆಸಿರುವ, ಆಫ್ರಿಕನ್ ಮೂಲದ ಸಿದ್ದಿ ಸಮುದಾಯದ ಕೌದಿಗಳು ಹೊರಜಗತ್ತಿಗೆ ಹೆಚ್ಚು ಪರಿಚಿತವಾಗಿವೆ. ಅಲ್ಲಿ ಇವುಗಳನ್ನು ಕವಂದಿ ಎನ್ನುತ್ತಾರೆ. ಅವುಗಳ ನಾಲ್ಕು ಮೂಲೆಗಳಲ್ಲಿ ಮಡಚಿದ ತ್ರಿಕೋನ ತುಂಡುಗಳಿಂದ ಮಾಡಿದ ಹೂವು ಇರಲೇಬೇಕು. ಇಲ್ಲದಿದ್ದರೆ ಕೆಲಸ ಪೂರ್ಣವಾಯಿತೆಂದು ಪರಿಗಣಿಸುವುದಿಲ್ಲ. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಜಾನ್ ಡ್ರೂವಲ್ ಅವರ ನೆರವಿನೊಂದಿಗೆ 2004ರಲ್ಲಿ ಸಿದ್ದಿ ಮಹಿಳೆಯರ ಕೌದಿ ಸಹಕಾರಿ ಕೂಟ ರೂಪುಗೊಂಡಿತು. ಸಿದ್ದಿ ಕವಂದಿಗಳು ವಿದೇಶಗಳಲ್ಲಿಯೂ ಪ್ರದರ್ಶನಗೊಂಡಿವೆ. ಚಿಕ್ಕೋಡಿ ಭಾಗದ ಕೌದಿಗೆ ಅಂತಹ ಗಮನ ದೊರೆತಿಲ್ಲ.

ಬಂಗಾಳದ ಕಾಂಥಾ ಮತ್ತು ಬಿಹಾರದ ಸುಜನಿ ಇದೇ ತತ್ವದ ಮೇಲೆ ಬೆಳೆದ ಕಲೆಗಳು. ಅವು ಕಾಲಾಂತರದಲ್ಲಿ ಚಿತ್ರಹೊಲಿಗೆಯತ್ತ ಹೊರಳಿ ಮಾರುಕಟ್ಟೆ ಕಂಡವು. ಬೆಳಗಾವಿ ಜಿಲ್ಲೆಗೆ ಸಂಬಂಧಿಸಿದ ಒಂದು ಸಾಮೂಹಿಕ ಹೊಲಿಗೆಯು ಸುಧಾ ಮೂರ್ತಿ ಅವರ 2017ರ ಇಂಗ್ಲಿಷ್ ಕೃತಿ 'ತ್ರೀ ಥೌಸಂಡ್ ಸ್ಟಿಚಸ್' ಮೂಲಕ ಓದುಗರಿಗೆ ಪರಿಚಿತವಾಯಿತು. ದೇವದಾಸಿ ಪದ್ಧತಿಯಿಂದ ಹೊರಬಂದ ಮೂರು ಸಾವಿರ ಮಹಿಳೆಯರು ತಲಾ ಒಂದು ಹೊಲಿಗೆ ಹಾಕಿದ ಹೊದಿಕೆಯ ಉಡುಗೊರೆಯಿಂದ ಆ ಶೀರ್ಷಿಕೆ ಬಂದಿದೆ.

ಇತ್ತೀಚಿನ ಬದಲಾವಣೆಗಳು

ಕೌದಿಯ ಇಳಿಮುಖಕ್ಕೆ ಅಂಗಡಿಯ ರಗ್ಗು ಮತ್ತು ಸೋಲಾಪುರ ಚಾದರಗಳನ್ನು ಕಾರಣವಾಗಿ ಹೇಳುವುದು ಸಾಮಾನ್ಯ. ಅದಕ್ಕಿಂತ ಆಳವಾದ ಬದಲಾವಣೆ ಉಡುಪಿನಲ್ಲಿ ಆಗಿದೆ. ದಿನಬಳಕೆಯ ಹತ್ತಿ ಸೀರೆ ಮತ್ತು ಧೋತರದ ಸ್ಥಾನಕ್ಕೆ ಪಾಲಿಯೆಸ್ಟರ್ ಸೀರೆ, ಪ್ಯಾಂಟು, ನೈಟಿಗಳು ಬಂದಿವೆ. ಪಾಲಿಯೆಸ್ಟರ್ ಬಟ್ಟೆ ಪದರಗಳಲ್ಲಿ ಜಾರುತ್ತದೆ, ಬೆವರು ಹೀರುವುದಿಲ್ಲ. ಅದರಿಂದ ಮಾಡಿದ ಕೌದಿ ಬೇಗ ಒಣಗುತ್ತದೆ ಮತ್ತು ಬಣ್ಣ ಉಳಿಸಿಕೊಳ್ಳುತ್ತದೆಯಾದರೂ ಬೇಸಿಗೆಯಲ್ಲಿ ಮೈಗೆ ಹಿತವಲ್ಲ. ಹೊಲಿಗೆ ಯಂತ್ರದ ಬಳಕೆಯೂ ಹೆಚ್ಚಿದೆ. ಯಂತ್ರದ ಮುಂದೆ ಒಬ್ಬರಿಗೆ ಮಾತ್ರ ಜಾಗವಿರುವುದರಿಂದ ಕೂಡಿ ಕುಳಿತುಕೊಳ್ಳುವ ಅಗತ್ಯ ಅಲ್ಲಿಗೆ ಇಲ್ಲವಾಗುತ್ತದೆ.

2005ರಲ್ಲಿಯೂ 2019ರ ಆಗಸ್ಟ್‌ನಲ್ಲಿಯೂ ಕೃಷ್ಣಾ ಮತ್ತು ಅದರ ಉಪನದಿಗಳ ಪ್ರವಾಹವು ಈ ತಾಲೂಕುಗಳ ನದಿತೀರದ ಗ್ರಾಮಗಳನ್ನು ಮುಳುಗಿಸಿತು. ಕೆಸರು ಹೊಕ್ಕ ಹತ್ತಿಯ ಪದರಗಳನ್ನು ಪೂರ್ತಿ ಸ್ವಚ್ಛಗೊಳಿಸುವುದು ಕಷ್ಟ. ಹಾಳಾದ ಕೌದಿಗೆ ಪರಿಹಾರವಾಗಿ ರಗ್ಗು ಕೊಡಬಹುದು. ಅದರೊಳಗೆ ಹೊಲಿದಿಟ್ಟ ಹಿರಿಯರ ಬಟ್ಟೆಗಳು ಮರಳಿ ದೊರೆಯುವುದಿಲ್ಲ.

ಕರ್ನಾಟಕ ಸರ್ಕಾರವು 2000–01ರಲ್ಲಿ ಆರಂಭಿಸಿದ ಸ್ತ್ರೀಶಕ್ತಿ ಯೋಜನೆಯಡಿ ಹಳ್ಳಿಗಳಲ್ಲಿ ಸ್ವಸಹಾಯ ಗುಂಪುಗಳು ರಚನೆಯಾದವು. ಉಳಿತಾಯ ಮತ್ತು ಸಾಲಕ್ಕಾಗಿ ಸೇರುವ ಇಂತಹ ಗುಂಪಿಗೆ ಕೌದಿಯನ್ನು ಮಾರಾಟದ ವಸ್ತುವಾಗಿಸುವ ಅವಕಾಶವಿದೆ. ಆದರೆ ಮಾರುಕಟ್ಟೆಯ ಬೇಡಿಕೆ ಬೇರೆ. ನಗರದ ಗ್ರಾಹಕರು ಅಪರಿಚಿತರು ಉಟ್ಟ ಬಟ್ಟೆಯನ್ನು ಹೊದೆಯಲು ಹಿಂಜರಿಯುವುದರಿಂದ ಹೊಸ ಬಟ್ಟೆಯ ಅಥವಾ ಕಾರ್ಖಾನೆಯ ಕತ್ತರಿಕೆ ತುಂಡುಗಳ ಕೌದಿ ಬೇಕಾಗುತ್ತದೆ. ಆಗ ಬಟ್ಟೆಗೂ ಬಂಡವಾಳ ಹೂಡಬೇಕು. ಕೈಹೊಲಿಗೆಯ ಅಷ್ಟೂ ದಿನಗಳಿಗೆ ಹೊಲದ ಕೂಲಿಯ ದರದಲ್ಲಿ ಲೆಕ್ಕ ಹಾಕಿದರೆ ಬರುವ ಬೆಲೆಯನ್ನು ಸ್ಥಳೀಯ ಸಂತೆಯಲ್ಲಿ ಕೇಳುವುದು ಕಷ್ಟ.

ಮಾನ್ಯತೆಯ ಪ್ರಶ್ನೆಯೂ ಇದರೊಂದಿಗೆ ಸೇರಿಕೊಂಡಿದೆ. ಧಾರವಾಡ ಭಾಗದ ಕಸೂತಿಗೆ ಭೌಗೋಳಿಕ ಸೂಚಿಕೆ ದೊರೆತಿದೆ. ಕೇಂದ್ರ ಸರ್ಕಾರವು 2023ರ ಸೆಪ್ಟೆಂಬರ್ 17ರಂದು ಆರಂಭಿಸಿದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳ ಪಟ್ಟಿಯಲ್ಲಿ ದರ್ಜಿ, ಅಗಸ, ಚಾಪೆ ಮತ್ತು ಬುಟ್ಟಿ ಹೆಣೆಯುವವರು ಸೇರಿದ್ದಾರೆ. ಕೌದಿ ಹೊಲಿಯುವವರಿಗೆ ಅದರಲ್ಲಿ ಪ್ರತ್ಯೇಕ ಹೆಸರಿಲ್ಲ.