ಗಾಲಿಕುರ್ಚಿಗೆ ಜಾಗ ಕೊಟ್ಟ ಹಾಯಿಹಡಗು

1805ರ ಟ್ರಫಾಲ್ಗರ್ ಕದನದಲ್ಲಿ ಬ್ರಿಟಿಷ್ ನೌಕಾಪಡೆಯನ್ನು ಗೆಲುವಿನತ್ತ ನಡೆಸಿದ ಹೊರೇಷಿಯೊ ನೆಲ್ಸನ್‌ಗೆ ಬಲಗೈ ಇರಲಿಲ್ಲ. ಬಲಗಣ್ಣಿನ ದೃಷ್ಟಿಯೂ ಹೋಗಿತ್ತು. ಇವು ಸಾಲದೆಂಬಂತೆ, ಸಮುದ್ರ ಹೊಯ್ದಾಡಿದರೆ ಹೊಟ್ಟೆ ತೊಳಸುವ ಕಾಟ ಬೇರೆ. ಆದರೂ ಚರಿತ್ರೆಯಲ್ಲಿ ಅವನು ಉಳಿದದ್ದು ಅಂಗವಿಕಲನಾಗಿ ಅಲ್ಲ, ಅಡ್ಮಿರಲ್ ಆಗಿ. 1985ರಲ್ಲಿ ಇಂಗ್ಲೆಂಡಿನಲ್ಲಿ ನೀರಿಗಿಳಿದ ಮೂರು ಕೂವೆಮರಗಳ ಹಾಯಿಹಡಗೊಂದಕ್ಕೆ ‘ಲಾರ್ಡ್ ನೆಲ್ಸನ್’ ಎಂದು ಹೆಸರಿಟ್ಟವರ ಮನಸ್ಸಿನಲ್ಲಿ ಇದ್ದದ್ದು ಇದೇ ಸಂಗತಿ.

ಆ ಹಡಗಿನ ಹಿಂದೆ ಇದ್ದವರು ಕ್ರಿಸ್ಟೋಫರ್ ರಡ್ ಎಂಬ ಶಾಲಾ ಉಪಾಧ್ಯಾಯರು. ಬಿಡುವಿನಲ್ಲಿ ದೋಣಿ ನಡೆಸುವ ಹವ್ಯಾಸ ಅವರದು. ಗಟ್ಟಿಮುಟ್ಟಾದ ಮಕ್ಕಳಿಗೆ ಸಮುದ್ರದಲ್ಲಿ ಸಿಗುವ ಅನುಭವ ತಾವು ಕಲಿಸುತ್ತಿದ್ದ ಅಂಗವಿಕಲ ಮಕ್ಕಳಿಗೆ ಏಕೆ ಸಿಗಬಾರದು ಎಂಬುದು ಅವರ ಪ್ರಶ್ನೆ. ಎಲಿಜಬೆತ್ ರಾಣಿಯ ರಜತೋತ್ಸವ ನಿಧಿಯಿಂದ ನೆರವು ಸಿಕ್ಕಿತು. 1978ರಲ್ಲಿ ಜ್ಯೂಬಿಲಿ ಸೇಲಿಂಗ್ ಟ್ರಸ್ಟ್ ಹುಟ್ಟಿತು.

ಹಾಯಿದೋಣಿಯನ್ನು ಮಕ್ಕಳ ಬೆಳವಣಿಗೆಗೆ ಬಳಸುವ ವಿಚಾರವೇನೂ ಹೊಸದಲ್ಲ. ಹಿಟ್ಲರನ ಜರ್ಮನಿಯಿಂದ ಬ್ರಿಟನ್ನಿಗೆ ಬಂದ ಶಿಕ್ಷಣತಜ್ಞ ಕುರ್ಟ್ ಹಾನ್ 1941ರಲ್ಲೇ ವೇಲ್ಸ್‌ನ ಅಬರ್‌ಡೋವಿಯಲ್ಲಿ ‘ಔಟ್‌ವರ್ಡ್ ಬೌಂಡ್’ ಶಾಲೆ ತೆರೆದಿದ್ದರು. ಕಡಲು ಹುಡುಗರನ್ನು ಗಟ್ಟಿ ಮಾಡುತ್ತದೆ ಎಂಬುದು ಅಲ್ಲಿನ ನಂಬಿಕೆ. ಆದರೆ ಆ ಲೆಕ್ಕವೆಲ್ಲ ಓಡಿ, ಹಾರಿ, ಹಗ್ಗ ಹತ್ತಬಲ್ಲ ಹುಡುಗರದು. ಹತ್ತಲಾಗದ ಮಗುವಿನ ಪಾಡೇನು? ರಡ್ ಕೊಟ್ಟ ಉತ್ತರ ಸರಳವಾಗಿತ್ತು: ಮಗುವನ್ನು ಬದಲಿಸುವ ಮುಂಚೆ ಹಡಗನ್ನು ಬದಲಿಸಿ.

ಮೊದಲು ‘ಸೋರೆನ್ ಲಾರ್ಸನ್’ ಎಂಬ ಹಳೆಯ ಹಾಯಿಹಡಗನ್ನು ಬಾಡಿಗೆಗೆ ಪಡೆದು ಪ್ರಯೋಗ ಮಾಡಲಾಯಿತು. ಆಮೇಲೆ ಕಾಲಿನ್ ಮೂಡಿ ಎಂಬ ನೌಕಾಶಿಲ್ಪಿ 55 ಮೀಟರ್ ಉದ್ದದ ಹೊಸ ಹಡಗಿನ ನಕ್ಷೆ ಬರೆದರು. (ಭಾರತೀಯ ನೌಕಾಪಡೆಯ ತರಬೇತಿ ಹಡಗು ‘ತರಂಗಿಣಿ’ಯ ನಕ್ಷೆಯೂ ಇವರದೇ.) ಗಾಲಿಕುರ್ಚಿ ಓಡಾಡುವಷ್ಟು ಅಗಲವಾದ ಅಟ್ಟ, ಒಂದು ಅಂತಸ್ತಿನಿಂದ ಇನ್ನೊಂದಕ್ಕೆ ಒಯ್ಯುವ ಲಿಫ್ಟು, ಕುರುಡರಿಗಾಗಿ ದಿಕ್ಕನ್ನು ಬಾಯಿಬಿಟ್ಟು ಹೇಳುವ ದಿಕ್ಸೂಚಿ ಇವೆಲ್ಲ ಅದರಲ್ಲಿದ್ದವು. ಮೂತಿಯಿಂದ ಮುಂದಕ್ಕೆ ಚಾಚಿಕೊಂಡ ಮರ ಬೇರೆ ಹಡಗುಗಳಲ್ಲಿ ದುಂಡಗಿನ ದೂಲ. ಇಲ್ಲಿ ಅದನ್ನು ಚಪ್ಪಟೆ ಮಾಡಿ, ಗಾಲಿಕುರ್ಚಿಯಲ್ಲಿ ಕುಳಿತವರೂ ನೀರಿನ ಮೇಲೆ ತೇಲಿದಂತೆ ಅದರ ತುದಿಯತ್ತ ಹೋಗಲು ದಾರಿ ಮಾಡಿದ್ದರು. ಇಚ್ಛೆ ಇದ್ದವರನ್ನು ಕುರ್ಚಿ ಸಮೇತ ಹಗ್ಗದಲ್ಲಿ ಎಳೆದು ಕೂವೆಮರದ ಮೇಲಕ್ಕೂ ಏರಿಸುತ್ತಿದ್ದರು.

ಇದಕ್ಕಿಂತ ಮುಖ್ಯವಾದದ್ದು ಹಡಗಿನ ಕಟ್ಟಳೆ. ಸುಮಾರು 40 ಮಂದಿ ಯಾತ್ರಿಗಳಲ್ಲಿ ಅರ್ಧದಷ್ಟು ಮಂದಿ ಅಂಗವಿಕಲರು. ಒಬ್ಬ ಅಂಗವಿಕಲನಿಗೆ ಒಬ್ಬ ಜೊತೆಗಾರ. ಯಾರೂ ಬರೀ ಪ್ರಯಾಣಿಕರಲ್ಲ. ರಾತ್ರಿ ಪಹರೆ, ಚುಕ್ಕಾಣಿ, ಅಡುಗೆಮನೆ, ಹಗ್ಗ ಎಳೆಯುವುದು ಎಲ್ಲರ ಪಾಲಿಗೂ ಸರದಿ ಪ್ರಕಾರ ಬರುತ್ತಿತ್ತು.

ವಿದ್ವಾಂಸರು ಇದನ್ನು ‘ಮನರಂಜನಾ ಚಿಕಿತ್ಸೆ’ ಎನ್ನುತ್ತಾರೆ. ಹೆಸರು ಸ್ವಲ್ಪ ಭಾರವಾಯಿತು. ಪೋಲಿಯೊ ತಿಂದ ಕಾಲನ್ನು ಸಮುದ್ರ ಸರಿಮಾಡುವುದಿಲ್ಲ, ಮಿದುಳಿನ ಲಕ್ವವನ್ನು ಗಾಳಿ ಗುಣಪಡಿಸುವುದಿಲ್ಲ. ಹಾಗಾದರೆ ನಡೆಯುವುದೇನು? ಹಾಯಿದೋಣಿಯನ್ನು ಓಡಿಸುವುದು ಗಾಳಿಯೇ ಹೊರತು ತೋಳಿನ ಬಲವಲ್ಲ. ಹುಟ್ಟು ಹಾಕಲಾಗದ, ಸೈಕಲ್ ತುಳಿಯಲಾಗದ ಮಗುವೂ ಹಗ್ಗವನ್ನು ಒಂದಿಷ್ಟು ಎಳೆದರೆ ದೋಣಿ ಮುಂದೆ ಹೋಗುತ್ತದೆ, ಸಡಿಲ ಬಿಟ್ಟರೆ ನಿಧಾನಿಸುತ್ತದೆ. ಮಾಡಿದ್ದಕ್ಕೆ ಫಲ ಕಣ್ಣೆದುರೇ. ಗಾಳಿಗೆ ದಾಕ್ಷಿಣ್ಯವೂ ಇಲ್ಲ, ಕನಿಕರವೂ ಇಲ್ಲ. ಬೆಳಗಿನಿಂದ ಸಂಜೆಯವರೆಗೆ ಬೇರೆಯವರು ಎತ್ತಿ, ಕೂರಿಸಿ, ಉಣಿಸುವ ಮಗುವಿಗೆ ದೋಣಿ ಎತ್ತ ಹೋಗಬೇಕೆಂದು ತಾನೇ ತೀರ್ಮಾನಿಸುವ ಅರ್ಧ ಗಂಟೆ ಸಿಕ್ಕರೆ ಅದೇನು ಸಣ್ಣ ಮಾತಲ್ಲ. ಜೊತೆಗೆ ಕತ್ತು, ಬೆನ್ನು, ಕೈಬೆರಳುಗಳಿಗೆ ಕೆಲಸವಾಗುತ್ತದೆ, ವ್ಯಾಯಾಮವೆಂಬ ಬೇಸರವಿಲ್ಲದೆ.

ವಿಚಿತ್ರವೆಂದರೆ, ಶಾಲಾ ಮಕ್ಕಳ ಚಿಂತೆಯಿಂದ ಹುಟ್ಟಿದ ಈ ಹಡಗಿನ ಯಾನಗಳು ಸಾಮಾನ್ಯವಾಗಿ 16 ತುಂಬಿದವರಿಗೆ ಮೀಸಲಾಗಿದ್ದವು. ಸಣ್ಣ ಮಕ್ಕಳಿಗೆ ಬೇಕಾದದ್ದು ಸಣ್ಣ ದೋಣಿ. ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸೇನೆಯ ಎಂಜಿನಿಯರುಗಳು ಹಾಯಿದೋಣಿ ಅಭ್ಯಾಸ ಮಾಡುವುದನ್ನು ನೋಡಿದವರಿಗೆ ಅದರ ಕಷ್ಟ ಗೊತ್ತು. ಅಂಚಿನ ಮೇಲೆ ಕೂತು, ದೋಣಿ ವಾಲಿದಾಗ ಹೊರಕ್ಕೆ ಬಾಗಿ, ದಿಕ್ಕು ಬದಲಿಸುವಾಗ ತಲೆ ತಗ್ಗಿಸಿ ಆ ಬದಿಗೆ ಜಿಗಿಯಬೇಕು. ಕಾಲಿಲ್ಲದವರ ಆಟವಲ್ಲ ಅದು.

ಆಸ್ಟ್ರೇಲಿಯದ ಕ್ರಿಸ್ ಮಿಚೆಲ್ 1990ರ ದಶಕದಲ್ಲಿ ಈ ಸಮಸ್ಯೆಯನ್ನು ಬಿಡಿಸಿದ ರೀತಿ ಜಾಣತನದ್ದು. ಅವರ ‘ಆಕ್ಸೆಸ್’ ದೋಣಿಯ ಉದ್ದ ಕೇವಲ 2.3 ಮೀಟರ್. ದೋಣಿಯ ತಳದಲ್ಲಿ, ಜೋಲಿಯಂಥ ಬಟ್ಟೆಯ ಆಸನದಲ್ಲಿ, ಮುಂದಕ್ಕೆ ಮುಖ ಮಾಡಿ ಕೂರಬೇಕು. ನೀರಿನೊಳಗೆ ಇಳಿಬಿಟ್ಟ ಹಲಗೆಯ ತೂಕ ದೋಣಿಯನ್ನು ಮಗುಚದಂತೆ ಹಿಡಿದಿಡುತ್ತದೆ. ಎದುರಿಗಿರುವ ಸಣ್ಣ ಕೋಲನ್ನು ಎಡಕ್ಕೋ ಬಲಕ್ಕೋ ತಳ್ಳಿದರೆ ಚುಕ್ಕಾಣಿ ತಿರುಗುತ್ತದೆ. ಕೂತ ಜಾಗ ಬಿಟ್ಟು ಕದಲಬೇಕಾಗಿಲ್ಲ. ಗಾಳಿ ಜೋರಾದರೆ ಹಾಯಿಯನ್ನು ಚಾಪೆಯಂತೆ ಕೂವೆಮರಕ್ಕೆ ಸುತ್ತಿ ಚಿಕ್ಕದು ಮಾಡಬಹುದು. ತುಸು ದೊಡ್ಡದಾದ, 3.03 ಮೀಟರಿನ ದೋಣಿಯಲ್ಲಿ ಇಬ್ಬರು ಪಕ್ಕಪಕ್ಕ ಕೂರಬಹುದಾದ್ದರಿಂದ ಅಂಜುಬುರುಕ ಮಗುವಿನ ಬಳಿಯೇ ಕಲಿಸುವವರಿರುತ್ತಾರೆ. ಈ ದೋಣಿಗಳ ಸುತ್ತ ‘ಸೇಲಬಿಲಿಟಿ’ ಕ್ಲಬ್ಬುಗಳು ಹಲವು ದೇಶಗಳಲ್ಲಿ ಬೆಳೆದವು.

ಕೈಯೂ ಆಡದವರ ಗತಿ? ಬಾಲ್ಯದಲ್ಲಿ ಅಂಟಿದ ನರರೋಗದಿಂದ ಕತ್ತಿನ ಕೆಳಗೆ ಚಲನೆಯನ್ನೇ ಕಳೆದುಕೊಂಡ ಇಂಗ್ಲೆಂಡಿನ ಹಿಲರಿ ಲಿಸ್ಟರ್, ಕೊಳವೆಗಳನ್ನು ಊದುತ್ತ, ಹೀರುತ್ತ ದೋಣಿ ನಡೆಸಿದರು. 2005ರಲ್ಲಿ ಇಂಗ್ಲಿಷ್ ಕಾಲುವೆ ದಾಟಿದರು, 2009ರಲ್ಲಿ ಬ್ರಿಟನ್ನನ್ನು ಸುತ್ತಿದರು. 2014ರಲ್ಲಿ ಒಮಾನಿನ ನಾವಿಕೆಯೊಬ್ಬರ ಜೊತೆ ಮುಂಬೈಯಿಂದ ಮಸ್ಕತ್ತಿಗೆ ಅರಬ್ಬಿ ಸಮುದ್ರವನ್ನೇ ಹಾಯ್ದರು. 2018ರಲ್ಲಿ ಅವರು ತೀರಿಕೊಂಡರು.

ಇಷ್ಟಾಗಿಯೂ ಇದು ಸುಲಭದ ದಾರಿಯಲ್ಲ. 2000ದಿಂದ 2016ರವರೆಗೆ ಪ್ಯಾರಾಲಿಂಪಿಕ್ಸ್‌ನಲ್ಲಿ ಪದಕದ ಸ್ಪರ್ಧೆಯಾಗಿದ್ದ ಹಾಯಿದೋಣಿ ಕ್ರೀಡೆಯನ್ನು ಟೋಕಿಯೊ ಕೂಟದಿಂದ ಕೈಬಿಡಲಾಯಿತು. ಅದರೊಂದಿಗೆ, ಕೆರೆಯಲ್ಲಿ ಆಡುವ ಮಗು ಕಣ್ಣಿಡಬಹುದಾಗಿದ್ದ ಒಂದು ಗುರಿಯೂ ಹೋಯಿತು. ದೊಡ್ಡ ಹಡಗುಗಳ ಕಥೆ ಇನ್ನೂ ಬೇಸರದ್ದು. ಟ್ರಸ್ಟಿನ ಎರಡನೆಯ ಹಡಗು ‘ಟೆನೇಷಿಯಸ್’ ಸೌತಾಂಪ್ಟನ್ನಿನಲ್ಲಿ ಅಂಗವಿಕಲರು ಮತ್ತು ಇತರರು ಕೂಡಿ ದುಡಿದು ಕಟ್ಟಿದ 65 ಮೀಟರಿನ ಮರದ ಹಡಗು. 2000ದಲ್ಲಿ ಅದು ಯಾನ ಆರಂಭಿಸಿತು. ‘ಲಾರ್ಡ್ ನೆಲ್ಸನ್’ 2012ರಿಂದ 2014ರವರೆಗೆ ಪ್ರಪಂಚವನ್ನೇ ಸುತ್ತಿ ಬಂತು. ಆದರೆ ಇಂಥ ಹಡಗನ್ನು ಸಾಕುವುದೆಂದರೆ ಆನೆ ಸಾಕಿದ ಹಾಗೆ. 2019ರಲ್ಲಿ ‘ಲಾರ್ಡ್ ನೆಲ್ಸನ್’ ನಿವೃತ್ತವಾಯಿತು. 2023ರ ಡಿಸೆಂಬರಿನಲ್ಲಿ, ಹಣ ಸಾಲದೆ, ಟ್ರಸ್ಟೇ ಬಾಗಿಲು ಹಾಕಿತು. ಮಿಚೆಲ್ಲರ ಪುಟ್ಟ ದೋಣಿಗಳು ಈಗ ‘ಹಾನ್ಸ’ ಎಂಬ ಹೆಸರಿನಲ್ಲಿ ತಯಾರಾಗುತ್ತಿವೆ.