ಭಗೋಷ್ಠ ಸೌಂದರ್ಯ ಶಸ್ತ್ರಚಿಕಿತ್ಸೆ (ಲೇಬಿಯಾಪ್ಲಾಸ್ಟಿ): ನಿರ್ಧರಿಸುವ ಮುನ್ನ ತಿಳಿಯಬೇಕಾದ ವಿಷಯಗಳು

ಯೋನಿದ್ವಾರದ ಇಕ್ಕೆಲಗಳಲ್ಲಿರುವ ಚರ್ಮದ ಮಡಿಕೆಗಳಿಗೆ ಭಗೋಷ್ಠಗಳೆಂದು ಹೆಸರು. ಇವುಗಳ ಪೈಕಿ ಒಳತುಟಿಗಳನ್ನು ಕತ್ತರಿಸಿ ಕಿರಿದುಗೊಳಿಸುವ ಶಸ್ತ್ರಚಿಕಿತ್ಸೆಯೇ ಲೇಬಿಯಾಪ್ಲಾಸ್ಟಿ. ಕತ್ತರಿಸಿ ತೆಗೆದ ಭಾಗವನ್ನು ಮರಳಿ ಪಡೆಯಲು ಸಾಧ್ಯವಿಲ್ಲ. ಆದುದರಿಂದ ಈ ಚಿಕಿತ್ಸೆಯನ್ನು ಅಪೇಕ್ಷಿಸುವ ಮಹಿಳೆಯರು ಕೆಳಕಂಡ ಮಾಹಿತಿಯನ್ನು ಮೊದಲು ಗಮನಿಸತಕ್ಕದ್ದು.

ಸಹಜ ಸ್ವರೂಪ

ಒಳತುಟಿಗಳು ಹೊರತುಟಿಗಳಿಂದಾಚೆಗೆ ಚಾಚಿರುವುದು, ಒಂದು ಪಕ್ಕ ಇನ್ನೊಂದಕ್ಕಿಂತ ದೊಡ್ಡದಾಗಿರುವುದು, ಬಣ್ಣ ಕಪ್ಪಾಗಿರುವುದು, ಅಂಚು ಸುಕ್ಕುಗಟ್ಟಿರುವುದು ಇವು ಯಾವುವೂ ರೋಗವಲ್ಲ. 2005ರಲ್ಲಿ ಪ್ರಕಟವಾದ ಲಂಡನ್ನಿನ ಅಧ್ಯಯನವೊಂದರಲ್ಲಿ 50 ಮಹಿಳೆಯರ ಒಳತುಟಿಗಳ ಅಗಲವು 7 ಮಿ.ಮೀ.ನಿಂದ 50 ಮಿ.ಮೀ.ವರೆಗೆ ಕಂಡುಬಂದಿತು. ಇಷ್ಟೇ ಇರಬೇಕೆಂಬ ಅಳತೆ ವೈದ್ಯಶಾಸ್ತ್ರದಲ್ಲಿಲ್ಲ. ಇವುಗಳ ಆಕಾರವನ್ನು ನೋಡಿ ಮಹಿಳೆಯು ಲೈಂಗಿಕ ಸಂಪರ್ಕ ಹೊಂದಿರುವಳೇ ಎಂದು ತಿಳಿಯಲು ಸಾಧ್ಯವಿಲ್ಲ. ಹಾಗೆ ಹೇಳುವುದು ಕೇವಲ ತಪ್ಪು ನಂಬಿಕೆ. ವಿವಾಹ ನಿಶ್ಚಯವಾಗಿದೆಯೆಂದೋ ಪತಿಯ ಒತ್ತಾಯವಿದೆಯೆಂದೋ ಚಿಕಿತ್ಸೆಗೆ ಒಪ್ಪುವ ಅವಶ್ಯಕತೆಯಿಲ್ಲ.

ಮೊದಲು ತಪಾಸಣೆ

ಬಟ್ಟೆ ಉಜ್ಜುವಿಕೆ, ಸೈಕಲ್ ಸವಾರಿ ಅಥವಾ ಸಂಭೋಗದ ವೇಳೆ ನೋವು ಇದ್ದಲ್ಲಿ ಸ್ತ್ರೀರೋಗ ತಜ್ಞರಲ್ಲಿ ಪರೀಕ್ಷೆ ಮಾಡಿಸಿಕೊಳ್ಳುವುದು. ತುರಿಕೆ, ಉರಿಗಳಿಗೆ ಸೋಂಕು ಅಥವಾ ಚರ್ಮರೋಗ ಕಾರಣವಾಗಿರಬಹುದು. ಅವಕ್ಕೆ ಬೇಕಾದುದು ಔಷಧಿ, ಕತ್ತರಿಯಲ್ಲ. ಸಡಿಲವಾದ ಹತ್ತಿ ಒಳಉಡುಪು ಧರಿಸುವುದರಿಂದ, ಆ ಭಾಗಕ್ಕೆ ಸುವಾಸಿತ ಸಾಬೂನು ಬಳಸದಿರುವುದರಿಂದ ತೊಂದರೆ ಎಷ್ಟೋ ಬಾರಿ ಕಡಿಮೆಯಾಗುತ್ತದೆ. ಹೊಸದಾಗಿ ಗಂಟು, ವಾಸಿಯಾಗದ ಹುಣ್ಣು ಕಂಡಲ್ಲಿ ತಡಮಾಡಬಾರದು.

ಹದಿನೆಂಟು ವರ್ಷದೊಳಗಿನ ಹೆಣ್ಣುಮಕ್ಕಳಲ್ಲಿ ಈ ಅಂಗವು ಇನ್ನೂ ಬೆಳವಣಿಗೆಯಲ್ಲಿರಬಹುದು. ಸೌಂದರ್ಯದ ಕಾರಣಕ್ಕಾಗಿ ಅವರಿಗೆ ಈ ಶಸ್ತ್ರಚಿಕಿತ್ಸೆ ಮಾಡಬಾರದೆಂದು ಬ್ರಿಟನ್ನಿನ ಪ್ರಸೂತಿ ಮತ್ತು ಸ್ತ್ರೀರೋಗ ತಜ್ಞರ ರಾಯಲ್ ಕಾಲೇಜು 2013ರಲ್ಲಿ ಅಭಿಪ್ರಾಯಪಟ್ಟಿದೆ.

ಚಿಕಿತ್ಸೆ ಮತ್ತು ಅಪಾಯಗಳು

ಸ್ಥಳೀಯ ಅಥವಾ ಸಂಪೂರ್ಣ ಅರಿವಳಿಕೆ ನೀಡಿ, ಸಾಮಾನ್ಯವಾಗಿ ಒಂದೆರಡು ಗಂಟೆಗಳಲ್ಲಿ ಶಸ್ತ್ರಕ್ರಿಯೆ ಮುಗಿಯುತ್ತದೆ. ತಾನಾಗಿ ಕರಗುವ ಹೊಲಿಗೆಗಳನ್ನು ಹಾಕಲಾಗುತ್ತದೆ. ಊತ ಇಳಿಯಲು ವಾರಗಳು ಬೇಕು; ಸುಮಾರು ಆರು ವಾರ ಸಂಭೋಗ, ಸೈಕಲ್ ಸವಾರಿ ವರ್ಜ್ಯ. ರಕ್ತಸ್ರಾವ, ಸೋಂಕು, ಹೊಲಿಗೆ ಬಿಡುವುದು, ಗಾಯದ ಗುರುತಿನಲ್ಲಿ ನೋವು ಉಂಟಾಗಬಹುದು. ಒಳತುಟಿಗಳಲ್ಲಿ ನರಗಳು ಹೇರಳವಾಗಿರುವುದರಿಂದ ಸ್ಪರ್ಶಜ್ಞಾನ ಕುಗ್ಗುವ ಅಥವಾ ಸಂಭೋಗವೇ ನೋವಾಗುವ ಸಾಧ್ಯತೆಯೂ ಇದೆ. ಲೇಸರ್ ಎಂಬ ಹೆಸರಿದ್ದರೂ ಅದು ಕತ್ತರಿಸುವ ಸಾಧನವೇ. ಅಪಾಯ ಇಲ್ಲವೆಂದು ಭಾವಿಸತಕ್ಕದ್ದಲ್ಲ.

ವೆಚ್ಚ ಮತ್ತು ನೋಂದಣಿ

ಆಯುಷ್ಮಾನ್ ಭಾರತ್ ಯೋಜನೆಯಡಿ ಕೇವಲ ಸೌಂದರ್ಯಕ್ಕಾಗಿ ಮಾಡುವ ಚಿಕಿತ್ಸೆಗಳಿಗೆ ಅವಕಾಶವಿಲ್ಲ. ಖಾಸಗಿ ಆರೋಗ್ಯ ವಿಮೆಯಲ್ಲಿಯೂ ಇವು ಸಾಮಾನ್ಯವಾಗಿ ಹೊರತುಪಡಿಸಲ್ಪಟ್ಟಿರುತ್ತವೆ. ಕರ್ನಾಟಕದಲ್ಲಿ ಖಾಸಗಿ ವೈದ್ಯಕೀಯ ಸಂಸ್ಥೆಗಳು 2007ರ ಅಧಿನಿಯಮದಂತೆ ನೋಂದಣಿ ಹೊಂದಿರಬೇಕು. ಆ ಪ್ರಮಾಣಪತ್ರವನ್ನೂ ವೈದ್ಯರ ವಿದ್ಯಾರ್ಹತೆಯನ್ನೂ ಪರಿಶೀಲಿಸಿ, ದರವನ್ನು ಲಿಖಿತವಾಗಿ ಪಡೆದು, ಒಪ್ಪಿಗೆ ಪತ್ರವನ್ನು ಮನೆಗೆ ಒಯ್ದು ಓದಿದ ನಂತರವೇ ಸಹಿ ಮಾಡುವುದು.