ಮನೆಯೊಳಗೆ ಹಾಡು ಹಿಡಿದಿಟ್ಟ ಕಥೆ



ಬಳಗದ ಹಿಂದಿನ ಕೂಟದಲ್ಲಿ ಊಟ ಮುಗಿದು ಕಾಫಿ ಬರುವ ಹೊತ್ತಿಗೆ ಒಂದು ಪ್ರಶ್ನೆ ಎದ್ದಿತು. ದಮ್ಮಾಮಿನ ಸದಸ್ಯರೊಬ್ಬರ ಮಗಳು ಕನ್ನಡ ಕವಿತೆಗಳಿಗೆ ತಾನೇ ರಾಗ ಹಾಕುತ್ತಾಳೆ, ಅದನ್ನು ಮನೆಯಲ್ಲೇ ರೆಕಾರ್ಡ್ ಮಾಡುವ ಆಸೆ. ಯಾವ ಸಾಫ್ಟ್‌ವೇರ್, ಯಾವ ಮೈಕು, ಯಾವ ಕೀಬೋರ್ಡು ಕೊಂಡರೆ ಒಳ್ಳೆಯದು? ಒಬ್ಬರು ಕ್ಯೂಬೇಸ್ ಅಂದರು, ಇನ್ನೊಬ್ಬರು ರೀಪರ್ ಸಾಕು ಅಂದರು. ಮೂರನೆಯವರು, ಮೊದಲು ಹುಡುಗಿ ನಾಲ್ಕು ವರ್ಷ ಪಾಠ ಕಲಿಯಲಿ ಅಂದರು. ನಾವು ಮಾತ್ರ ಸುಮ್ಮನಿದ್ದೆವು. ನಮ್ಮ ಮನೆಯ ಎರಡು ಕ್ಯಾಸೆಟ್ಟುಗಳ ಕಥೆ ನೆನಪಾಗಿ ಬಾಯಿ ಕಟ್ಟಿತ್ತು. ಅದನ್ನು ಹೇಳುವ ಮೊದಲು ತುಸು ಹಿಂದಕ್ಕೆ ಹೋಗಬೇಕು.

1877ರಲ್ಲಿ ಎಡಿಸನ್ ಮಾಡಿದ ಫೋನೋಗ್ರಾಫಿಗೆ ಒಂದು ಗುಣವಿತ್ತು. ಅದು ಹಾಡಿ ತೋರಿಸುವುದಷ್ಟೇ ಅಲ್ಲ, ಎದುರಿನವರು ಹಾಡಿದ್ದನ್ನು ಹಿಡಿದೂ ಇಡುತ್ತಿತ್ತು. ಮುಂದೆ ಬಂದ ಮೇಣದ ಕೊಳವೆಗಳಲ್ಲಿ ಸುಮಾರು ಎರಡು ನಿಮಿಷದಷ್ಟು ದನಿ ಹಿಡಿಯುತ್ತಿತ್ತು. ನಾವಿರುವ ಈ ನೆಲಕ್ಕೂ ಆ ಯಂತ್ರ ಬೇಗನೇ ಬಂತೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿದಿರಲಿಕ್ಕಿಲ್ಲ. ಡಚ್ ವಿದ್ವಾಂಸ ಸ್ನೌಕ್ ಹುರ್ಗ್ರೋನ್ಯೆ 1884-85ರಲ್ಲಿ ಜೆದ್ದಾ, ಮೆಕ್ಕಾಗಳಲ್ಲಿ ಇದ್ದು ಹೋದವರು. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಜೆದ್ದಾದ ಡಚ್ ಕಾನ್ಸುಲೇಟಿನ ಮೂಲಕ ಅವರಿಗಾಗಿ ಮೇಣದ ಕೊಳವೆಗಳಲ್ಲಿ ಇಲ್ಲಿನ ಹಾಡು, ಪಠಣಗಳನ್ನು ಹಿಡಿಯಲಾಯಿತು. ಆ ಕೊಳವೆಗಳು ಇಂದಿಗೂ ಲೈಡನ್ ವಿಶ್ವವಿದ್ಯಾಲಯದಲ್ಲಿವೆ. ಸೌದಿ ಅರೇಬಿಯಾ ಎಂಬ ಹೆಸರೇ ಹುಟ್ಟದಿದ್ದ ಕಾಲ ಅದು.

ಆಮೇಲೆ ಗ್ರಾಮಫೋನ್ ತಟ್ಟೆ ಗೆದ್ದಿತು. ಸದ್ದು ಜೋರು, ಬೆಲೆ ಕಡಿಮೆ, ಒಂದು ಅಚ್ಚಿನಿಂದ ಸಾವಿರ ಪ್ರತಿ. ಆದರೆ ಮನೆಯವರು ಅದರಲ್ಲಿ ಏನನ್ನೂ ಹಿಡಿದಿಡುವಂತಿರಲಿಲ್ಲ. 1902ರ ನವೆಂಬರಿನಲ್ಲಿ ಕಲ್ಕತ್ತೆಯ ಹೋಟೆಲ್ ಕೋಣೆಯೊಂದರಲ್ಲಿ ಗೈಸ್‌ಬರ್ಗ್ ಎಂಬ ಕಂಪನಿಯ ತಜ್ಞನ ಎದುರು ಗೌಹರ್ ಜಾನ್ ಹಾಡಿದರು. ಹಾಡಿನ ಕೊನೆಗೆ ತಮ್ಮ ಹೆಸರನ್ನು ತಾವೇ ಇಂಗ್ಲಿಷಿನಲ್ಲಿ ಕೂಗಿ ಹೇಳಿದರು. ತಟ್ಟೆ ಅಚ್ಚಾಗುತ್ತಿದ್ದುದು ಜರ್ಮನಿಯ ಹ್ಯಾನೋವರಿನಲ್ಲಿ, ಅಲ್ಲಿನವರಿಗೆ ಯಾರ ಹಾಡೆಂದು ಗೊತ್ತಾಗಬೇಕಲ್ಲ! ಆ ಗೌಹರ್ ಜಾನ್ ಕೊನೆಗೆ ನಮ್ಮ ಮೈಸೂರಿಗೆ ಬಂದು, ಅರಮನೆಯ ಆಶ್ರಯದಲ್ಲಿದ್ದು, 1930ರ ಜನವರಿಯಲ್ಲಿ ಅಲ್ಲಿಯೇ ತೀರಿಕೊಂಡರು. ಹೀಗೆ ಯಂತ್ರ ಕಂಪನಿಯ ಕೈಗೆ ಹೋಯಿತು, ಮನೆಯವರು ಕೇಳುಗರಾಗಿ ಉಳಿದರು. ಅಜ್ಜಿಯಂದಿರ ಎರಡು ತಲೆಮಾರು ತಮ್ಮ ದನಿಯ ಒಂದು ತುಣುಕನ್ನೂ ಬಿಡದೆ ಹೋದದ್ದು ಈ ನಡುವಿನ ಕಾಲದಲ್ಲಿ.

ಆ ಬಾಗಿಲನ್ನು ಮತ್ತೆ ತೆರೆದದ್ದು 1963ರಲ್ಲಿ ಫಿಲಿಪ್ಸ್ ಕಂಪನಿ ಬರ್ಲಿನ್ನಿನ ಪ್ರದರ್ಶನಕ್ಕೆ ತಂದಿಟ್ಟ ಪುಟ್ಟ ಕ್ಯಾಸೆಟ್ಟು. ಹತ್ತೇ ವರ್ಷದಲ್ಲಿ, 1973ರ ನಂತರ, ಎಣ್ಣೆಯ ಬೆಲೆ ಏರಿ ಕೊಲ್ಲಿಯ ಕಡೆಗೆ ನಮ್ಮವರ ವಲಸೆ ಹೆಚ್ಚಿತು. ಮಂಗಳೂರು, ಉಡುಪಿ, ಭಟ್ಕಳ, ಕಾಸರಗೋಡುಗಳ ಮನೆಮನೆಗೆ ಟೂ-ಇನ್-ಒನ್ ಬಂದಿಳಿಯಿತು. ರಜೆಯಲ್ಲಿ ಊರಿಗೆ ಹೋಗುವವರ ಪೆಟ್ಟಿಗೆಯಲ್ಲಿ ಸೆಂಟು, ಟಾರ್ಚು, ಅದರ ಪಕ್ಕ ಅದೊಂದು ಇರಲೇಬೇಕು. ಹಿಂದಿರುಗುವಾಗ ಉಪ್ಪಿನಕಾಯಿ ಭರಣಿಯ ಜೊತೆ ಮೈಸೂರು ಅನಂತಸ್ವಾಮಿಯವರ 'ನಿತ್ಯೋತ್ಸವ' ಬರುತ್ತಿತ್ತು. 1978ರ ಆ ಕ್ಯಾಸೆಟ್ಟು ಭಾವಗೀತೆಯನ್ನು ಮರುಭೂಮಿಯ ಕೋಣೆಗಳಿಗೂ ಮುಟ್ಟಿಸಿತು. ಅದರ ಪಕ್ಕದಲ್ಲೇ ಇನ್ನೊಂದು ಬಗೆಯ ಕ್ಯಾಸೆಟ್ಟೂ ಇರುತ್ತಿತ್ತು: ಮನೆಯವರು ಎದುರು ಕೂತು ಮಾತಾಡಿ, ಅತ್ತು, ಹಾಡಿ ಕಳಿಸಿದ ದನಿಪತ್ರ. ಫೋನಿನ ಒಂದೊಂದು ನಿಮಿಷಕ್ಕೂ ರಿಯಾಲು ಎಣಿಸುತ್ತಿದ್ದ ದಿನಗಳವು. ಅರವತ್ತು ನಿಮಿಷದ ಕ್ಯಾಸೆಟ್ಟು ಅಂದರೆ ಅಮ್ಮ ಎದುರಿಗೇ ಬಂದು ಕೂತ ಹಾಗೆ.

ನಮ್ಮ ತಾಯಿ ಹಾಗೆ ಎರಡು ಕಳಿಸಿದ್ದರು, 1987ರಲ್ಲೊಂದು, 1991ರಲ್ಲೊಂದು. ಸಾಗರದ ಕಡೆಯವರು, ಹಸೆಗೆ ಕರೆಯುವ ಹಾಡು ಅವರ ಬಾಯಲ್ಲಿ ರಾಶಿ ರಾಶಿ. ಮೊದಲನೆಯ ಕ್ಯಾಸೆಟ್ಟಿನ ತುಂಬ ಅವೇ ಹಾಡು. ಎರಡನೆಯದರಲ್ಲಿ ಹೆಚ್ಚು ಮಾತು, ಎರಡೇ ಹಾಡು. ಯಾವುದನ್ನೂ ಯಾರೂ ಬರೆದಿಟ್ಟಿರಲಿಲ್ಲ.

ಕ್ಯಾಸೆಟ್ಟಿನ ಕಾಲದಲ್ಲೇ ಸಂಗೀತ ಕಟ್ಟುವವರ ಕೈಗೂ ಮನೆಯ ಯಂತ್ರ ಬಂತು. 1979ರಲ್ಲಿ ಜಪಾನಿನ ಟೀಯಾಕ್ ಕಂಪನಿ ತನ್ನ ಟ್ಯಾಸ್ಕ್ಯಾಮ್ ಹೆಸರಿನಡಿ ಪೋರ್ಟಾಸ್ಟುಡಿಯೋ ತಂದಿತು. ಸಾಧಾರಣ ಕ್ಯಾಸೆಟ್ಟಿನಲ್ಲೇ ನಾಲ್ಕು ಪದರ: ಒಂದರಲ್ಲಿ ತಾಳ, ಒಂದರಲ್ಲಿ ಗಿಟಾರು, ಉಳಿದವುಗಳಲ್ಲಿ ದನಿ. ಬ್ರೂಸ್ ಸ್ಪ್ರಿಂಗ್‌ಸ್ಟೀನ್ 1982ರಲ್ಲಿ ಮನೆಯಲ್ಲಿ ಕೂತು ಅದರಲ್ಲಿ ಹಾಡುಗಳ ಕಚ್ಚಾ ಪ್ರತಿ ಮಾಡಿದರು. ಆಮೇಲೆ ವಾದ್ಯವೃಂದದ ಜೊತೆ ಎಷ್ಟು ಹಾಡಿದರೂ ಆ ಕಚ್ಚಾದ ಗುಣ ಬರಲಿಲ್ಲವಾಗಿ, ಕ್ಯಾಸೆಟ್ಟನ್ನೇ 'ನೆಬ್ರಾಸ್ಕಾ' ಎಂದು ಹೊರತಂದರು.

ಮರುವರ್ಷ, 1983ರಲ್ಲಿ, ಮಿಡಿ ಬಂತು. ರೋಲ್ಯಾಂಡ್‌ನ ಇಕುತಾರೊ ಕಾಕೆಹಾಶಿ, ಅಮೆರಿಕದ ಡೇವ್ ಸ್ಮಿತ್ ಮೊದಲಾದವರು ಸೇರಿ ಬೇರೆ ಬೇರೆ ಕಂಪನಿಗಳ ಕೀಬೋರ್ಡುಗಳು ಪರಸ್ಪರ ಮಾತಾಡುವ ಭಾಷೆಯೊಂದನ್ನು ಒಪ್ಪಿಕೊಂಡರು. ಇಂದಿನ ಎಲ್ಲ ಸಂಗೀತ ಸಾಫ್ಟ್‌ವೇರುಗಳ ಹೊಟ್ಟೆಯಲ್ಲೂ ಅದೇ ಇದೆ. ಮಿಡಿಯಲ್ಲಿ ನಾದವಿಲ್ಲ. ಯಾವ ಮನೆ, ಎಷ್ಟು ಹೊತ್ತಿಗೆ, ಎಷ್ಟು ಬಿರುಸಾಗಿ ಒತ್ತಿದರು, ಯಾವಾಗ ಬಿಟ್ಟರು ಎಂಬ ಲೆಕ್ಕವಷ್ಟೇ ಇದೆ. ಬಿಳಿ ಕಪ್ಪು ಸೇರಿ ಹನ್ನೆರಡು ಮನೆಯ ಲೆಕ್ಕ. ನಮ್ಮ ಗಮಕವೋ, ಒಂದು ಮನೆಯಿಂದ ಇನ್ನೊಂದಕ್ಕೆ ಹೋಗುವ ದಾರಿಯಲ್ಲೇ ಬದುಕುವಂಥದ್ದು. ಸ್ವರ ಬಾಗಿಸುವ ಗಾಲಿಯೊಂದು ಕೀಬೋರ್ಡಿನ ಎಡಬದಿಗೆ ಇದೆ, ನಿಜ. ಎಡಗೈಯಲ್ಲಿ ಅದನ್ನು ತಿರುಗಿಸುತ್ತ ತೋಡಿ ನುಡಿಸಲು ಹೊರಟವರ ಪಾಡು ನಾವು ನೋಡಿದ್ದೇವೆ.

ಈ ಜಗಳ ನಮಗೊಬ್ಬರಿಗೇ ಅಲ್ಲ. 1932ರ ವಸಂತದಲ್ಲಿ ಈಜಿಪ್ಟಿನ ದೊರೆ ಮೊದಲನೆಯ ಫುಆದ್ ಕೈರೋದಲ್ಲಿ ಅರಬ್ ಸಂಗೀತದ ಸಮ್ಮೇಳನ ಕರೆದಾಗ, ಬಾರ್ಟೋಕ್, ಹಿಂಡೆಮಿತ್‌ರಂಥವರೂ ಬಂದು ಕೂತಿದ್ದರು. ಕಾಲು ಸ್ವರಗಳನ್ನು ಅಳೆದು ಇಪ್ಪತ್ತನಾಲ್ಕು ಸಮಭಾಗ ಮಾಡಬಹುದೇ, ಪಿಯಾನೋ ಒಳಗೆ ಬರಬಹುದೇ ಎಂಬ ವಾದ ಅಲ್ಲಿ ಜೋರಾಗಿ ನಡೆಯಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಈ ದೇಶ ಸೌದಿ ಅರೇಬಿಯಾ ಎಂಬ ಹೆಸರು ಪಡೆದದ್ದು. ನಮ್ಮಲ್ಲಿ ಆಕಾಶವಾಣಿ 1940ರ ಮಾರ್ಚ್ 1ರಿಂದ ಹಾರ್ಮೋನಿಯಂಗೆ ಬಾಗಿಲು ಹಾಕಿತು, 1971ರಲ್ಲಷ್ಟೇ ಸಡಿಲಿಸಿತು. ಕಾರಣ ಇದೇ, ಗಟ್ಟಿ ಮನೆಗಳಲ್ಲಿ ಜಾರುವ ಸ್ವರ ಕೂರುವುದಿಲ್ಲ. ಅಷ್ಟು ಕಟ್ಟುನಿಟ್ಟು ನಮಗೆ ಅತಿಯೆನಿಸುತ್ತದೆ. ಹಾರ್ಮೋನಿಯಂ ಇಲ್ಲದೆ ನಮ್ಮ ಕಂಪನಿ ನಾಟಕಗಳೇ ಇರುತ್ತಿರಲಿಲ್ಲ. ಆದರೂ ಅವರು ಎತ್ತಿದ ಪ್ರಶ್ನೆ ಸುಳ್ಳಲ್ಲ.

ಅಂಗಡಿಗೆ ಹೋಗುವ ತಂದೆತಾಯಿಗಳಿಗೆ ಇಲ್ಲೊಂದು ಅನುಕೂಲವುಂಟು. ಅರಬ್ ಮಾರುಕಟ್ಟೆಗೆಂದೇ ಮಾಡಿದ ಕೀಬೋರ್ಡುಗಳಲ್ಲಿ ಆಯ್ದ ಸ್ವರವನ್ನು ಕಾಲು ಭಾಗ ಇಳಿಸುವ ಗುಂಡಿಗಳಿರುತ್ತವೆ. ಅದು ಗಮಕ ಕೊಡದು, ಆದರೆ ಹನ್ನೆರಡೇ ಸ್ವರವೆಂಬ ನಂಬಿಕೆಯಿಂದ ಮಗುವನ್ನು ಬಿಡಿಸುತ್ತದೆ. ಶ್ರುತಿಗೆ ಮಾತ್ರ ನಾವು ಬೆಂಗಳೂರಿನ ಕಡೆಗೇ ಕೈ ತೋರುತ್ತೇವೆ. ಕೊಳಲು ವಾದಕರೂ ಎಂಜಿನಿಯರರೂ ಆದ ಜಿ. ರಾಜ್ ನಾರಾಯಣ್ 1979ರಲ್ಲಿ ಅಲ್ಲಿ ಎಲೆಕ್ಟ್ರಾನಿಕ್ ತಂಬೂರಿ ಮಾಡಿದರು. ಅವರ ರಾಡೆಲ್ ಪೆಟ್ಟಿಗೆಗಳು ಜೆದ್ದಾ, ರಿಯಾದ್‌ಗಳ ಎಷ್ಟೋ ಮನೆಗಳಲ್ಲಿ ಸಂಗೀತ ಪಾಠವನ್ನು ಉಳಿಸಿದವು. ಇಲ್ಲಿ ಸಂಗೀತವೆಂದರೆ ಬಹುಕಾಲ ಮನೆಯೊಳಗಿನ ಮಾತು. ಸಾರ್ವಜನಿಕ ಕಛೇರಿ ಅಪರೂಪ, ಸಿನಿಮಾ ಮಂದಿರ 2018ರವರೆಗೆ ಇಲ್ಲವೇ ಇಲ್ಲ. 2020ರಲ್ಲಿ ಸಂಸ್ಕೃತಿ ಸಚಿವಾಲಯದಡಿ ಸಂಗೀತ ಆಯೋಗವೇ ಹುಟ್ಟಿತು. ಈಗಿನ ಮಕ್ಕಳಿಗೆ ಹಿಂದಿನ ಮೆಲುದನಿಯ ಪಾಠಗಳನ್ನು ಹೇಳಿದರೆ ಅಜ್ಜಿಕಥೆಯೆನ್ನುತ್ತಾರೆ.

ಇನ್ನು ಸಾಫ್ಟ್‌ವೇರ್. 1989ರಲ್ಲಿ ಅಟಾರಿ ಕಂಪ್ಯೂಟರಿಗೆ ಬಂದ ಕ್ಯೂಬೇಸ್, 1991ರ ಪ್ರೋ ಟೂಲ್ಸ್ ಇವೆಲ್ಲ ಕಸುಬಿನವರ ಸಾಮಾನು. ನಮ್ಮಂಥವರಿಗೆ ಸಿಕ್ಕಿದ್ದು 2000ದಲ್ಲಿ ಹೊರಬಂದ ಆಡಾಸಿಟಿ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಇಬ್ಬರು ಶುರುಮಾಡಿದ್ದು, ಕಾಸಿಲ್ಲದೆ ಸಿಗುವುದು. ಈ ದೇಶದ ಮನೆಗಳಿಗೆ ಅಂತರಜಾಲ ಬಂದದ್ದೇ 1999ರಲ್ಲಿ. ಕೆಲವು ವರ್ಷ ಕಳೆದು ನಾವೂ ಅದನ್ನು ಇಳಿಸಿಕೊಂಡು ತಾಯಿಯ ಎರಡು ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಏರಿಸಿದೆವು. ಗದ್ದಲ ತೆಗೆಯುವ ಸೌಕರ್ಯ ಅದರಲ್ಲಿದೆ: ಹಾಡಿಲ್ಲದ ಜಾಗದ ಗುಂಯ್ ಸದ್ದನ್ನು ಮಾದರಿಯಾಗಿ ತೋರಿಸಿದರೆ, ಅದನ್ನು ಉದ್ದಕ್ಕೂ ಅಳಿಸುತ್ತದೆ. ಉತ್ಸಾಹದಲ್ಲಿ ಮೂರು ಸಲ ತೊಳೆದೆವು. ಸದ್ದು ಹೋಯಿತು, ಮಲೆನಾಡಿನ ಮಳೆಯೂ ಹೋಯಿತು. ಪಲುಕಿನ ನಡುವೆ ತಾಯಿ ಉಸಿರೆಳೆಯುವುದೂ ಹೋಯಿತು. ಚೊಕ್ಕಟವಾಯಿತು ಎಂದು ಹಿಗ್ಗಿ, ಮನೆ ಬದಲಿಸುವಾಗ 1987ರ ಕ್ಯಾಸೆಟ್ಟನ್ನು ಹಳೆ ಸಾಮಾನಿನ ಜೊತೆ ಎಸೆದೆವು. 1991ರದ್ದು ಯಾವುದೋ ಪುಸ್ತಕದ ಹಿಂದೆ ಬಿದ್ದು ಉಳಿಯಿತು.

ತಾಯಿ ತೀರಿಕೊಂಡ ಮೇಲೆ ಊರಿನಲ್ಲಿ ತಂಗಿ ಆ ಹಾಡು ಕೇಳಿ, "ಇದು ಅಮ್ಮನ ದನಿ ಅಲ್ಲ ಮಾರಾಯ, ಯಾರೋ ಸಣ್ಣ ಹುಡುಗಿ ಹಾಡಿದ ಹಾಗಿದೆ" ಅಂದಳು. ಉಳಿದ ಕ್ಯಾಸೆಟ್ಟನ್ನು ಮತ್ತೆ ಏರಿಸಿ, ಈ ಸಲ ಏನನ್ನೂ ತೊಳೆಯದೆ, ದನಿಯ ಆವರ್ತನಗಳ ನಕ್ಷೆ ನೋಡಿದೆವು. ಊರಿನ ಕರೆಂಟು 50 ಹರ್ಟ್ಸ್, ಇಲ್ಲಿಯದು 60. ಗೋಡೆಯ ಪ್ಲಗ್ಗಿಗೆ ಹಾಕಿದ ಟೇಪ್ ರೆಕಾರ್ಡರು ಆ ಕರೆಂಟಿನ ಗುಂಯ್ಗುಡುವಿಕೆಯನ್ನೂ ಹಾಡಿನ ಜೊತೆಗೇ ಹಿಡಿಯುತ್ತದೆ. ಕ್ಯಾಸೆಟ್ಟು ಯಾವ ದೇಶದಲ್ಲಿ ಹುಟ್ಟಿತೆಂದು ಅದರಿಂದಲೇ ಹೇಳಬಹುದು! ನಮ್ಮ ನಕ್ಷೆಯಲ್ಲಿ ಗೆರೆ ನಿಂತಿದ್ದು 53ರ ಹತ್ತಿರ. ಅಂದರೆ ಊರಿನ ಯಂತ್ರ ಆ ದಿನ ನಿಧಾನವಾಗಿ ಓಡಿತ್ತು, ಇಲ್ಲಿ ಸರಿ ವೇಗದಲ್ಲಿ ಹಾಕಿದಾಗ ದನಿ ಹಾರ್ಮೋನಿಯಂನ ಪಕ್ಕದ ಮನೆಯಷ್ಟು ಏರಿತ್ತು. ಊರಿನ ಕರೆಂಟೂ 50ಕ್ಕೆ ಗಟ್ಟಿಯಾಗಿ ನಿಲ್ಲುತ್ತಿದ್ದ ಕಾಲವಲ್ಲ, ಲೆಕ್ಕ ಅಂದಾಜಿನದು. ಆದರೂ ಅಷ್ಟು ಇಳಿಸಿ ಕಳಿಸಿದೆವು. ತಂಗಿ ಫೋನು ಮಾಡಿದಳು, ಮಾತಾಡಲಿಲ್ಲ, ಆ ಕಡೆಯಿಂದ ಹಾಡು ಮಾತ್ರ ಕೇಳುತ್ತಿತ್ತು.

1987ರದ್ದಕ್ಕೆ ಹೀಗೆ ಮಾಡುವಂತಿಲ್ಲ. ಅದರ ಗುಂಯ್ ಸದ್ದನ್ನು ಅಳಿಸಿದವರು ನಾವೇ. ಆ ದಿನ ಯಂತ್ರ ಎಷ್ಟು ನಿಧಾನ ಓಡಿತ್ತೋ ತಿಳಿಯಲು ಈಗ ದಾರಿಯಿಲ್ಲ. ಹಸೆಯ ಹಾಡುಗಳೆಲ್ಲ ಇರುವುದು ಅದರಲ್ಲೇ.

ದಮ್ಮಾಮಿನ ಹುಡುಗಿಗೆ ಈ ಕಥೆ ಹೇಳಿ, ಯಾವ ಸಾಫ್ಟ್‌ವೇರಾದರೂ ಸರಿ, ಮೊದಲ ಪ್ರತಿಯನ್ನು ಮುಟ್ಟದೆ ಬೇರೆ ಡಿಸ್ಕಿನಲ್ಲಿ ಇಡು ಅಂದೆವು. ಮೈಕು ಡೈನಾಮಿಕ್ ಇರಲಿ. ಕಂಡೆನ್ಸರ್ ಮೈಕು ಏ.ಸಿ.ಯ ಸದ್ದನ್ನೂ ಎದ್ದು ಕರೆಯುತ್ತದೆ. ಕೋಣೆಗೆ ಖರ್ಚು ಬೇಡ, ದಪ್ಪ ಪರದೆ, ರತ್ನಗಂಬಳಿ ಇರುವ ಮಜ್ಲಿಸ್ ಸಾಕು. ಕಳೆದ ಶುಕ್ರವಾರ ಬೆಳಿಗ್ಗೆ ಅವರ ಮನೆಯಲ್ಲಿ ಏ.ಸಿ. ಆರಿಸಿ, ಫ್ರಿಜ್ಜಿನ ಪ್ಲಗ್ಗೂ ಕಿತ್ತು, ಬೆವರುತ್ತ ಕೂತು ಅವಳ ಮೊದಲ ಹಾಡು ಹಿಡಿದೆವು. ಹಿಂದೆ ಸಣ್ಣಗೆ 60 ಹರ್ಟ್ಸ್ ಕೇಳುತ್ತದೆ. ತೆಗೆಯಲೇ ಎಂದು ಕೇಳಿದಳು, ಬೇಡವೆಂದೆವು. ಫ್ರಿಜ್ಜಿನ ಪ್ಲಗ್ ಮತ್ತೆ ಹಾಕಲು ಎಲ್ಲರೂ ಮರೆತೆವು, ಸಂಜೆಯ ಕಾಫಿಗೆ ಹಾಲು ಒಡೆದಿತ್ತು.